ಬುರ್ಸುಕ್‌ನ ಹಗ್ಗ

ಹಿರಿಯರ ಶನಿವಾರವನ್ನು ವೆತೂರಿಯಾ ಎಂದೂ ತಪ್ಪಿಸಿದವಳಲ್ಲ. ಸತ್ತವರ ಹೆಸರಿನಲ್ಲಿ ನೆರೆಯವರಿಗೆ ಏನು ಕೊಟ್ಟರೂ ಅದು ಅಲ್ಲಿ ಅವರಿಗೆ ಮುಟ್ಟುತ್ತದೆ ಎಂಬುದು ಬುಕಾರೆಸ್ಟಿನ ಹೆಂಗಸರಿಗೆಲ್ಲ ಗೊತ್ತು. ಈ ಸಲವೂ ಅಮ್ಮನ ಹೆಸರಿನಲ್ಲಿ ಒಂದು ಮಣ್ಣಿನ ಕುಡಿಕೆ ವೈನು, ಬೇಯಿಸಿದ ಗೋಧಿಯ ಸಿಹಿ ಹಿಡಿದು, ಕೆಳಗಿನ ಮನೆಯ ಪೊಂಪಿಲಿಯುಗೆ ಕೊಟ್ಟು ಬರಲು ಲಿಫ್ಟ್ ಹತ್ತಿದಳು.

ಲಿಫ್ಟಿನ ಬಾಗಿಲು ತೆರೆದದ್ದು ಹಳೆಯ ಮನೆಯ ಅಂಗಳಕ್ಕೆ. ಸರ್ಕಾರದವರು ಬುಲ್ಡೋಜರ್ ತಂದು ಎಂದೋ ನೆಲಸಮ ಮಾಡಿದ್ದ ಅದೇ ಅಂಗಳ, ಅದೇ ಅಕ್ರೋಟು ಮರ. ಮರದಡಿ ಅಮ್ಮ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ಮಗಳು ವರ್ಷವರ್ಷವೂ ಕೊಟ್ಟ ಕುಡಿಕೆ, ಟವೆಲ್, ಚಪ್ಪಲಿಗಳೆಲ್ಲ ಅವಳ ಸುತ್ತ ಓರಣವಾಗಿದ್ದವು. ಈ ಅಂಗಳವನ್ನು ನೆನೆದು ಅತ್ತವಳಿಗೆ ಈಗ ಕಾಲು ಮುಂದಕ್ಕೆ ಬರಲೊಲ್ಲದು.

"ಬಾರೇ ಒಳಗೆ. ಹಿಂಗೆ ಅಡ್ಡ ನಿಂತ್ಕೊಳ್ಳೋಕೆ ಲಿಫ್ಟೇನು ನಿಮ್ಮಪ್ಪ ಕಟ್ಸಿದ್ದಾ?"

"ಎಲ್ಲಾ ಮುಟ್ತಾ ಅಮ್ಮ?"

"ಮುಟ್ತು. ಚಪ್ಪಲಿ ಒಂಚೂರು ಬಿಗಿ." ಅಮ್ಮ ಬುಟ್ಟಿ ಬದಿಗಿಟ್ಟಳು. "ಅದಿರ್ಲಿ, ನಮ್ ಬುರ್ಸುಕ್‌ನ ಯಾರ ಮನೇಲಿ ಬಿಟ್ಟೆ ಅಂದಿದ್ದೆ?"

ಬುರ್ಸುಕ್ ಹಳೆಯ ಮನೆಯಲ್ಲಿ ಅವರು ಸಾಕಿದ್ದ ನಾಯಿ. ಹೊಸ ಫ್ಲ್ಯಾಟಿನಲ್ಲಿ ನಾಯಿ ಸಾಕುವಂತಿರಲಿಲ್ಲ. ಹಳ್ಳಿಗೆ, ಸೋದರಮಾವ ಕೊಸ್ಟಾಕೆಯ ಮನೆಗೆ ಕಳಿಸಿದೆ ಎಂದು ಅಂದು ವೆತೂರಿಯಾ ಅಮ್ಮನಿಗೆ ಹೇಳಿದ್ದು ಬಾಯಿಗೆ ಬಂದ ಸುಳ್ಳು. ಅಮ್ಮ ಸಾಯುವತನಕ ನಾಯಿಯನ್ನು ವಿಚಾರಿಸುತ್ತಿದ್ದಳು. ಚೆನ್ನಾಗಿದೆ, ತಿಂದು ತಿಂದು ದಪ್ಪಗಾಗಿದೆ ಎಂದು ಇವಳು ನಾಚಿಕೆಯಿಲ್ಲದೆ ಹೇಳುತ್ತಿದ್ದಳು.

"ಕೊಸ್ಟಾಕೆ ಮಾವನ..."

"ಅವನೂ ಇಲ್ಲಿಗೆ ಬಂದಾಯ್ತಲ್ಲೇ. ಕೇಳ್ದೆ. ಯಾವ ನಾಯಿ ಅಕ್ಕಾ, ನಾನು ಕಂಡೇ ಇಲ್ಲ ಅಂದ."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು ವೆತೂರಿಯಾಳಿಗೆ. ಅಮ್ಮ ಬೇಲಿಯತ್ತ ಕೈ ತೋರಿಸಿದಳು. ಬಟ್ಟೆ ಒಣಹಾಕುವ ಹಗ್ಗದಲ್ಲಿ, ಅಂದು ಮಗಳೇ ಕಟ್ಟಿ ಬಂದಿದ್ದ ಗೂಟದಲ್ಲಿ, ಬುರ್ಸುಕ್ ಇನ್ನೂ ಕಟ್ಟಿಹಾಕಿದಂತೆಯೇ ಇತ್ತು.

"ಅದರ ಹೆಸರಲ್ಲಿ ಯಾರೂ ಏನೂ ಕೊಟ್ಟಿಲ್ವಲ್ಲ, ನನಗೆ ಬಂದಿದ್ರಲ್ಲೇ ಅದಕ್ಕೂ ಹಾಕ್ತೀನಿ. ಗಂಟು ಮಾತ್ರ ನಮ್ ಕೈಲಿ ಆಗಲ್ಲ ಕಣೇ. ಕಟ್ಟಿದೋರೇ ಬಿಚ್ಬೇಕು."

ವೆತೂರಿಯಾ ಗೋಧಿಯ ಸಿಹಿಯನ್ನು ನಾಯಿಯ ಮುಂದಿಟ್ಟು, ಮಂಡಿಯೂರಿ ಗಂಟಿಗೆ ಕೈ ಹಾಕಿದಳು. "ಇಲ್ಲೇ ಇರು, ಈಗ ಬಂದೆ" ಎಂದು ನಾಯಿಗೆ ಹೇಳಿಯೇ, ಮನೆ ಬಿಟ್ಟ ದಿನ ಸಾಮಾನಿನ ಲಾರಿ ಹತ್ತಿದ್ದಳು. ಕಚ್ಚಿಬಿಡಲಿ ಎಂದು ಕೈಯನ್ನು ಅದರ ಬಾಯಿಯ ಹತ್ತಿರವೇ ಹಿಡಿದಳು.

ನಾಯಿ ಸಿಹಿಯನ್ನು ಮೂಸಲೂ ಇಲ್ಲ. ಕೈಯನ್ನು ನೆಕ್ಕಿತು, ಬಾಲ ಆಡಿಸಿತು. ಈಗ ಬಂದೆ ಎಂದವಳು ಬಂದಿದ್ದಳು. ತಡವಾಯಿತೆಂದು ಅದಕ್ಕೆ ಅನಿಸಿದಂತಿರಲಿಲ್ಲ.