ದುರ್ಗಮ್ಮನ ಹೆಬ್ಬೆಟ್ಟು

ಆಳೆತ್ತರದ ಗೋಡೆಗೆ ನಾಲ್ಕೇ ದಿನ ಎಂದವನು ನಾನೇ, ಚೌಡ. ನಾನು ಹಾಕಿದ ಮಣ್ಣಿನ ಗೋಡೆಗೆ ಅರಬೈಲ್ ಘಾಟಿಯಲ್ಲಿ ಲಾರಿ ಗುದ್ದಿ, ಲಾರಿಯೇ ಕೈಮುಗಿದು ಹಿಂದೆ ಹೋಯಿತು ಎಂದೂ ಹೇಳುತ್ತೇನೆ. ಕೇಳಿದವರು ನಕ್ಕು ಎಲೆ-ಅಡಿಕೆ ಕೊಡುತ್ತಾರೆ. ಮಧುಕೇಶ್ವರ ನಗಲಿಲ್ಲ, ಬರೆದುಕೊಂಡ.

ಅವನು ಹುಬ್ಬಳ್ಳಿ ಕಡೆಯ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಕಟ್ಟಡಕ್ಕೆ ಎಷ್ಟು ಆಳು, ಎಷ್ಟು ದಿನ ಬೇಕೆಂದು ಅಳೆಯುವುದೇ ಅವನ ಸಂಶೋಧನೆ. ೧೯೬೨ರ ಚಳಿಗಾಲ. ದಾಸನಕೊಪ್ಪದಲ್ಲಿ ಗುರುಶಾಂತವ್ವನ ಅಂಗಡಿಯ ಗೋಡೆಗೆ ನಾವಿನ್ನೂ ಮಣ್ಣು ನೆನೆಹಾಕಿದ್ದೆವಷ್ಟೆ. ಅಷ್ಟರಲ್ಲೇ ಅವನು ನನ್ನ ನಾಲ್ಕು ದಿನವನ್ನು ತನ್ನ ಸಂಶೋಧನೆ ನೋಡಿಕೊಳ್ಳುವ ಪುಣೆಯ ಪ್ರೊಫೆಸರರಿಗೆ ಬರೆದು ಕಳಿಸಿದ. ವಾರದಲ್ಲಿ ಉತ್ತರ ಬಂತು.

"ತಿಂಗಳ ಕೊನೀಗೆ ಬಂದು ನೋಡ್ತಾರಂತ, ಚೌಡಣ್ಣ. ಖರೆ ಆದ್ರ ಡಿಗ್ರಿ, ಕಾಯಂ ನೌಕರಿ. ಸುಳ್ಳಾದ್ರ ಕಾಲೇಜು ಬಿಡಬೇಕು."

ಮಣ್ಣು ತುಳಿಯುತ್ತಿದ್ದ ನನ್ನ ಹೆಂಡತಿ ದುರ್ಗಮ್ಮ ಕಿಸಕ್ಕನೆ ನಕ್ಕಳು. "ಇವ್ರ ಬಾಯಾಗಿನ ಗೋಡಿ ನಾಲ್ಕ್ ದಿನಕ್ಕ ಏಳ್ತೈತ್ರಿ. ಮಣ್ಣಿಂದು ಏಳಂಗಿಲ್ಲ. ಒಂದ್ ವರಸಿ, ಅಂದ್ರ ಮಣ್ಣಿನ ಒಂದ್ ಸಾಲು, ಹಾಕಿ ಒಣಗಾಕ್ ಬಿಡಬೇಕು. ನನ್ನ ಹೆಬ್ಬೆಟ್ಟು ಒಳಗ್ ಹೋಗ್ದಂಗ ಆದ್ಮ್ಯಾಲ ಮುಂದಿಂದು."

"ಮತ್ತ ನಾಲ್ಕು ಅಂತ ಯಾಕಂದಿ?" ಮಧುಕೇಶ್ವರ ನನ್ನ ಕಡೆ ತಿರುಗಿದ.

"ಅಷ್ಟ್ ದೂರದಿಂದ ಬಂದೀರಿ. ಸಪ್ಪನ್ ಮಾತು ಹೇಳಿ ಕಳಿಸಾಕ ಮನಸ್ಸು ಒಪ್ಲಿಲ್ರಿ," ಎಂದೆ. "ಹತ್ತಾಳು ತರ್ತೀನಿ, ಹುಲ್ಲಿನ ಬೆಂಕಿ ಹಾಕಿ ಒಣಗಿಸಿ ನಾಲ್ಕ್ ದಿನದಾಗ ಎಬ್ಬಿಸ್ತೀನಿ!"

"ಬ್ಯಾಡ. ಖರೆ ಎಷ್ಟೈತೋ ಅಷ್ಟೇ ಬರೀತೀನಿ." ಅವನು ನಾಲ್ಕು ದಿನ ಎಂದು ಬರೆದುಕೊಂಡಿದ್ದ ಹಾಳೆಯನ್ನು ಹರಿದೇ ಹಾಕಿದ.

ಅಂದಿನಿಂದ ದಿನಾ ಬೆಳಿಗ್ಗೆ ನಮಗಿಂತ ಮೊದಲು ಬಂದು ಗೋಡೆಯ ಹತ್ತಿರ ಕೂರುತ್ತಿದ್ದ. ದುರ್ಗಮ್ಮ ಹೆಬ್ಬೆಟ್ಟು ಒತ್ತುವಳು, ಅವನು ಗುಳಿಯನ್ನು ಅಳೆಯುವನು. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದ.

ಗೋಡೆ ಶುರುವಾದ ಹದಿನೆಂಟನೇ ದಿನ ಪ್ರೊಫೆಸರರು ಬಸ್ಸಿಳಿದರು. ಮೂಲತಃ ಬೆಳಗಾವಿಯವರು. ಗೋಡೆ ಎದೆಮಟ್ಟಕ್ಕಷ್ಟೇ ಇತ್ತು.

"ನಾಲ್ಕು ದಿನದ ಗೋಡಿ ಎಲ್ಲೈತಿ?"

"ಅದು ಸುಳ್ಳು, ಸರ್. ನಾ ಕಣ್ಣಾರೆ ನೋಡದೇ ಬರ್ದಿದ್ದೆ. ಐದು ವರಸಿ, ಐದು ದಿನದ ಕೆಲಸ. ಹದಿಮೂರು ದಿನ ಕಾಯೋದು."

"ಹದಿಮೂರು ದಿನ ಆಳು ಖಾಲಿ ಕೂತಾರ! ಇದು ಸಂಶೋಧನಾ ಏನೋ? ಸೋಮಾರಿತನ!"

ದುರ್ಗಮ್ಮ ಸೆರಗು ಸಿಕ್ಕಿಸಿದಳು. "ಸಾಹೇಬ್ರ, ನಿನ್ನಿ ಹಾಕಿದ್ದರ ಮ್ಯಾಲ ಹೆಬ್ಬೆಟ್ಟು ಒತ್ರಿ."

ಅವರು ಒತ್ತಿದರು. ಉಗುರು ಪೂರ್ತಿ ಮುಳುಗಿತು.

"ಇವತ್ತೇ ಇದರ ಮ್ಯಾಲ ಇನ್ನೊಂದು ಹೇರಿದ್ರ ನಿಮ್ಮ ಬೂಟಿನ ಮ್ಯಾಲ ಬೀಳ್ತೈತಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ಬರದೀಯೇನು?"

ಮಧುಕೇಶ್ವರ ಪುಸ್ತಕ ಕೊಟ್ಟ. ಬಿಸಿಲಿದ್ದ ದಿನ, ಇಬ್ಬನಿ ಬಿದ್ದ ದಿನ, ದುರ್ಗಮ್ಮನ ಹೆಬ್ಬೆಟ್ಟು ಎಷ್ಟೆಷ್ಟು ಇಳಿಯಿತೆಂದು ಎಲ್ಲವೂ ಇತ್ತು. ಅವರು ಮಣ್ಣಿನ ಗುಡ್ಡೆಯ ಮೇಲೆಯೇ ಕೂತು ಓದಿದರು. ಶಿರಸಿ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು.

"ಕೆಲಸ ಎಲ್ಲಾರೂ ಅಳೀತಾರ," ಎಂದರು ಕೊನೆಗೆ. "ಕಾಯೋದನ್ನ ಅಳದಾಂವ ನೀನೊಬ್ಬನ. ಮುಗಿಸು. ಕಾಲೇಜಿಗೆ ನಾ ಬರೀತೀನಿ."

ಮಧುಕೇಶ್ವರ ಕಣ್ಣೊರೆಸಿಕೊಂಡು ಹೊಸ ಹಾಳೆ ತಿರುವಿದ. "ಚೌಡಣ್ಣ, ಮುಂದಿನ ವರಸಿಗೆ ಎಷ್ಟು ದಿನ?"

ನಾಳೆಯೇ ಎಂಬ ಮಾತು ತುಟಿಯವರೆಗೆ ಬಂದಿತ್ತು. ನುಂಗಿಕೊಂಡು ದುರ್ಗಮ್ಮನ ಕಡೆ ಕೈ ತೋರಿಸಿದೆ.