ಹೊಟ್ಟೆಯ ಚರ್ಮ, ಕೈಯ ರಕ್ತ

ಲಾಂಡ್ರಿಯ ಇಸ್ತ್ರಿ ಮಾಡುವ ಬಿಸಿ ರೋಲರ್‌ಗೆ ಸಿಕ್ಕಿ ಸೊಸೆಯ ಎಡಗೈ ಹಿಂಬದಿಯ ಚರ್ಮ ಪೂರ್ತಿ ಸುಟ್ಟುಹೋಗಿತ್ತು. ಸರ್ಜನ್ ಡಾಕ್ಟರಮ್ಮ ಅವಳ ಕಿಬ್ಬೊಟ್ಟೆಯಿಂದ ಒಂದು ಪಟ್ಟಿ ಚರ್ಮ ಬಿಡಿಸಿ, ರಕ್ತ ಹರಿಯುತ್ತಿರಲೆಂದು ಬುಡವನ್ನು ಹೊಟ್ಟೆಗೇ ಅಂಟಿಕೊಂಡಿರಲು ಬಿಟ್ಟು, ತುದಿಯನ್ನು ಕೈ ಮೇಲೆ ಹಾಸಿ ಹೊಲಿದರು. ವಾರ್ಡಿಗೆ ಬಂದ ಅತ್ತೆ ನೋಡಿದರೆ ಕೈ ಹೊಟ್ಟೆಗೇ ಸೇರಿಕೊಂಡಿದೆ!

ಮಗ ಲಾರಿ ಓಡಿಸುವವನು, ಊರಲ್ಲಿರಲಿಲ್ಲ. ಅತ್ತೆ-ಸೊಸೆಯರ ಮಾತುಕತೆ ಅಷ್ಟಕ್ಕಷ್ಟೆ. ಆದರೂ ಅತ್ತೆ ಹಾಸಿಗೆ ಪಕ್ಕದ ಸ್ಟೂಲು ಬಿಟ್ಟು ಕದಲಲಿಲ್ಲ. ಅಂಗಡಿಯ ಬ್ರೆಡ್ಡನ್ನೂ ಒತ್ತಿ ನೋಡದೆ ಕೊಳ್ಳದ ಹೆಂಗಸು ಅವರು. ಅದು ಗೊತ್ತಾಯಿತೋ ಏನೋ, ನರ್ಸ್ ಅವರಿಗೊಂದು ಕೆಲಸ ಹಚ್ಚಿದಳು. ಹೊಲಿದ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಒತ್ತಬೇಕು, ಬೆಳ್ಳಗಾಗುತ್ತದೆ. ಬಿಟ್ಟ ಮೇಲೆ ಕೆಂಪು ಮರಳಿದರೆ ರಕ್ತ ಓಡಾಡುತ್ತಿದೆ ಎಂದರ್ಥ. ನೀಲಿಗಟ್ಟಿದರೆ ಕೂಡಲೇ ಕೂಗಬೇಕು.

ಅತ್ತೆ ಒತ್ತಿದರು. ಬಿಳಿ. ಬಿಟ್ಟರು. ಕೆಂಪು ಸದ್ದಿಲ್ಲದೆ ವಾಪಸ್ ಬಂತು. ತಮ್ಮ ಉಗುರನ್ನೂ ಒತ್ತಿ ನೋಡಿಕೊಂಡರು. ಅಲ್ಲೂ ಹಾಗೇ. ತಲೆ ನರೆಯುವ ತನಕ ಮೈಯೊಳಗೇ ನಡೆಯುತ್ತಿದ್ದದ್ದು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲವಲ್ಲ!

ಒಂದು ಸಲ ಒತ್ತಿದಾಗ ಸೊಸೆ ಬೆಚ್ಚಿದಳು.

"ಅತ್ತೆ, ನೀವು ಮುಟ್ಟಿದ್ದು ಕೈಯನ್ನ. ನಂಗೆ ಹೊಟ್ಟೆ ಮುಟ್ಟಿದ ಹಾಗಾಯ್ತು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಸೊಸೆಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಕೈ ಹೊಟ್ಟೆಪಾಡಿಗೆ ದುಡೀತು, ಈಗ ಹೊಟ್ಟೆಯೇ ಕೈಗೆ ಉಣಿಸುತ್ತಿದೆ ಎಂದಳು. ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಕೆಲವು ವಾರ ಕಳೆದ ಮೇಲೆ ಡಾಕ್ಟರಮ್ಮ ಪಟ್ಟಿಯ ಬುಡಕ್ಕೆ ಮೆತ್ತನೆಯ ರಬ್ಬರ್ ಕೊಳವೆ ಬಿಗಿದು ಹೊಟ್ಟೆಯ ರಕ್ತ ತಡೆದರು. ಇನ್ನು ಕೈಯೇ ಆ ಚರ್ಮವನ್ನು ಸಾಕಬೇಕು. ನೋಡನೋಡುತ್ತಲೇ ಅಂಚು ನೀಲಿಗೆ ತಿರುಗಿತು. ಡಾಕ್ಟರಮ್ಮ ರಬ್ಬರ್ ಸಡಿಲಿಸಿ, ರಕ್ತದ ದಾರಿಗಳು ಇನ್ನೂ ಕೂಡಿಲ್ಲ, ಕಾಯೋಣ ಎಂದು ಹೊರಟುಹೋದರು. ಅತ್ತೆಗೆ ಆವತ್ತು ಊಟ ಸೇರಲಿಲ್ಲ.

ಮುಂದಿನ ವಾರ ಮತ್ತೆ ಬಿಗಿದರು. ಚರ್ಮ ಬಿಳಿಚಿತು. ಆಮೇಲೆ ಕೈಯ ಕಡೆಯಿಂದ, ಹೊಲಿಗೆ ದಾಟಿಕೊಂಡು, ನಸುಗೆಂಪು ಹರಡತೊಡಗಿತು. ಹರಡಿ ನಿಂತಿತು.

"ಒತ್ತಿ ನೋಡಿ," ಎಂದರು ಡಾಕ್ಟರಮ್ಮ, ಅತ್ತೆಗೇ.

ಅತ್ತೆ ಒತ್ತಿ ಬಿಟ್ಟರು. ಬಿಳಿ, ಮತ್ತೆ ಕೆಂಪು.

"ಈ ರಕ್ತಕ್ಕೆ ದಾರಿ ತೋರಿಸಿದ್ದು ಯಾರಮ್ಮ? ನೀವಾ?" ಅತ್ತೆ ಕೇಳಿದರು.

"ನಾನಲ್ಲ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಹೊಲಿದೆ ಅಷ್ಟೆ. ರಕ್ತನಾಳಗಳು ತಾವೇ ಹುಡುಕ್ಕೊಂಡು ಬಂದು ಸೇರಿಕೊಂಡ್ವು. ಪ್ರತಿ ಸಲ ನೋಡ್ತೀನಿ. ಪ್ರತಿ ಸಲವೂ ನಂಗೆ ಮಾತು ನಿಂತುಹೋಗತ್ತೆ."

ಮರುದಿನ ಬುಡ ಕತ್ತರಿಸಿ ಕೈಯನ್ನು ಬಿಡಿಸಿದರು. ಸೆಟೆದುಹೋಗಿದ್ದ ಭುಜವನ್ನು ಅತ್ತೆ ದಿನಾ ನೀವಿ ಸಡಿಲ ಮಾಡಿದರು. ಸೊಸೆ ಲಾಂಡ್ರಿಗೆ ಮರಳಿದಳು, ರೋಲರ್ ಬಳಿಗಲ್ಲ, ಬಟ್ಟೆ ಮಡಿಸುವ ಮೇಜಿಗೆ.

ಮರುವರ್ಷದ ಹೊತ್ತಿಗೆ ಅವಳು ಮೈ ತುಂಬಿಕೊಂಡಳು. ಜೊತೆಗೆ ಆ ಕೈಯ ಹಿಂಬದಿಯೂ ಊದಿಕೊಂಡಿತು. ಗಾಬರಿಯಾಗಿ ಓಡಿದರೆ ಡಾಕ್ಟರಮ್ಮ ನಕ್ಕರು. ಅದು ಎಷ್ಟೆಂದರೂ ಹೊಟ್ಟೆಯ ಚರ್ಮ, ಹೊಟ್ಟೆಯ ಹಾಗೇ ಕೊಬ್ಬು ಕೂಡಿಸುತ್ತದೆ, ಬೇಕಿದ್ದರೆ ತೆಳ್ಳಗೆ ಮಾಡಿಕೊಡುತ್ತೇನೆ ಎಂದರು. ಸೊಸೆ ಬೇಡವೆಂದಳು. ಬಸ್ಸಲ್ಲಿ ಕೂತು ಬರುವಾಗ ಅತ್ತೆ ಆ ದುಂಡಗಿನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಇಳಿಯುವ ತನಕ ನೋಡುತ್ತಲೇ ಇದ್ದರು.