ಖಾಲಿ ಬಿಟ್ಟ ಇಸವಿ

ಚರ್ಚಿನ ಬಲಗೋಡೆಯಲ್ಲಿ ನನ್ನ ಗಂಡ ಅಮೃತಶಿಲೆಯ ಕುರ್ಚಿಯ ಮೇಲೆ ಕೂತಿದ್ದಾರೆ. ಅವರ ಕಾಲ ಬುಡದಲ್ಲಿ ಮಂಡಿಯೂರಿ ಮೇಲೆ ನೋಡುತ್ತಿರುವವಳು ನಾನು. ನನಗೆ ಮಂಡಿನೋವು, ಊರಿಗೆಲ್ಲ ಗೊತ್ತು. ಆದರೂ ಹೀಗೇ ಇರಲಿ ಎಂದು ಅವರು ಬದುಕಿದ್ದಾಗಲೇ ಶಿಲ್ಪಿಗೆ ಹೇಳಿಟ್ಟಿದ್ದರು.

ದೇಶಕ್ಕೆ ಅವರು ಮಂತ್ರಿ, ತತ್ವಜ್ಞಾನಿ. ಸ್ವಾತಂತ್ರ್ಯದ ಬಗ್ಗೆ ದಪ್ಪ ಪುಸ್ತಕ ಬರೆದವರು. ಬರೆಯುವಾಗ ಪಕ್ಕದ ಕೋಣೆಯಲ್ಲಿ ನಾನು ಕೆಮ್ಮುವಂತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಸಂಸಾರ ಮಾಡಿದವಳು ನಾನು.

ಪೀಠದ ಮೇಲೆ ಅವರ ಹೆಸರು, ಹುಟ್ಟಿದ ಇಸವಿ, ಸತ್ತ ಇಸವಿ. ಕೆಳಗೆ ನನ್ನ ಹೆಸರು, ಹುಟ್ಟಿದ ಇಸವಿ, ಒಂದು ಅಡ್ಡಗೆರೆ, ಆಮೇಲೆ ಖಾಲಿ. ಬಂದವರು ಆ ಖಾಲಿ ಜಾಗ ನೋಡುತ್ತಾರೆ, ತಿರುಗಿ ನನ್ನನ್ನು ನೋಡುತ್ತಾರೆ. ಇನ್ನೂ ಇದ್ದಾಳಲ್ಲ ಎಂಬಂತೆ.

ಬಂದರಿನ ಊರಿನಲ್ಲಿರುವ ಅಕ್ಕ ಫೋನಿನಲ್ಲಿ ಕರೆಯುತ್ತಲೇ ಇದ್ದಾಳೆ. "ಕಿಟಕಿ ಪಕ್ಕದ ಮಂಚ ನಿಂಗೇ ಇಟ್ಟಿದೀನಿ ಕಣೆ. ಇಬ್ರೂ ಜಗಳ ಆಡ್ಕೊಂಡು ಇರೋಣ, ಬಾ." ಹೋಗಬೇಕೆಂಬ ಆಸೆಗೆ ಎದೆ ನೋಯುತ್ತದೆ. ಮೈದುನ ಬಿಡುವುದಿಲ್ಲ. ಅಣ್ಣನ ಹೆಸರಿನಿಂದಲೇ ಅವನಿಗೆ ಊರಲ್ಲಿ ಮರ್ಯಾದೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಸ್ಮಾರಕದ ಪಕ್ಕ ನಿಲ್ಲಿಸಿ ಗಣ್ಯರಿಗೆ ತೋರಿಸುತ್ತಾನೆ.

"ಎಲ್ಲಿಗೆ ಹೋಗ್ತೀರ ಅತ್ತಿಗೆ? ನಿಮ್ಮ ಜಾಗ ಇದೇ ಅಂತ ಅಣ್ಣ ಕೆತ್ತಿಸಿ ಹೋಗಿದಾನೆ. ಆ ಇಸವಿ ತುಂಬೋವರೆಗೂ ನೀವು ಇಲ್ಲೇ ಇರಬೇಕು," ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ.

ಗಂಡನ ಹೆಸರಿನ ಅಕ್ಷರಗಳು ಮಾಸಿದ್ದವು. ತಿದ್ದಲು ಕಲ್ಲುಕುಟಿಗ ಬಂದ. "ಅತ್ತಿಗೆ ಹೇಳಿದ ಹಾಗೆ ಮಾಡಪ್ಪ," ಎಂದು ಮೈದುನ ಪಾದ್ರಿಯ ಕೋಣೆಗೆ ಹರಟೆಗೆ ಹೋದ.

"ನನ್ನ ಹೆಸರು ಅಳಿಸೋಕೆ ಆಗುತ್ತೇನಪ್ಪ?" ಎಂದು ಕೇಳಿದೆ.

"ಇಡೀ ಪೀಠ ಉಜ್ಜಬೇಕಮ್ಮ. ಯಜಮಾನ್ರ ಹೆಸರೂ ಹೋಗುತ್ತೆ."

ಸತ್ತರೇ ಬಿಡುಗಡೆ ಅನ್ನಿಸಿತು. ಅನ್ನಿಸಿದ ಮೇಲೆ ನಗು ಬಂತು.

"ಹಾಗಾದ್ರೆ ತುಂಬಿಸು. ಈ ವರ್ಷದ ಇಸವಿ ಕೆತ್ತು."

"ಬದುಕಿರೋರಿಗೆ ಕೆತ್ತಿದ್ರೆ ಕೈ ಬಿದ್ದುಹೋಗುತ್ತಮ್ಮ."

"ಈ ಮಂಡಿಯೂರಿರೋಳು ಯಾವತ್ತಾದ್ರೂ ಬದುಕಿದ್ಳು ಅನ್ಸುತ್ತಾ? ನೋಡಿ ಹೇಳು."

ಅವನು ಕಲ್ಲಿನವಳನ್ನು ತುಂಬ ಹೊತ್ತು ನೋಡಿದ. ಆಮೇಲೆ ಉಳಿ ಎತ್ತಿಕೊಂಡ.

ಕೊನೆಯ ಅಂಕಿ ಮುಗಿದಾಗ ಅಭ್ಯಾಸಬಲದಿಂದ ಟೋಪಿ ತೆಗೆದು ತಲೆ ಬಗ್ಗಿಸಿ ನಿಂತ. ತಿರುಗಿ ನನ್ನನ್ನು ಕಂಡು ಕಕ್ಕಾಬಿಕ್ಕಿಯಾದ. "ನಿಜವಾಗ್ಲೂ ಹೋದಾಗ ಏನ್ಮಾಡೋದಮ್ಮ?"

"ಅದು ಅಕ್ಕನ ಊರಿನ ಕಲ್ಲುಕುಟಿಗನ ತಲೆನೋವು."

ಸದ್ದು ನಿಂತಿದ್ದು ಕೇಳಿ ಮೈದುನ ಬಂದ. ಇಸವಿ ಓದಿದ. ಬೆರಳಿಟ್ಟು ಮುಟ್ಟಿ ನೋಡಿದ. ಮುಖ ಸುಣ್ಣವಾಯಿತು.

"ಭಾನುವಾರ ಬರೋರಿಗೆ ನಾನು ಏನಂತ ಹೇಳ್ಲಿ ಅತ್ತಿಗೆ?"

"ತೀರಿಕೊಂಡ್ಳು ಅಂತ ಹೇಳು," ಎಂದು ಬಾಗಿಲು ದಾಟಿದೆ. ಬಸ್ ನಿಲ್ದಾಣದವರೆಗೂ ನಡೆದೇ ಹೋದೆ.